ಗೋವಿನಜೋಳ ತುಟ್ಟಿಯಾದ ವರ್ಷ

ಚೆಂಡಿಯಾ ಊರಿನ ನಮ್ಮ ಗದ್ದೆ ನೌಕಾನೆಲೆಗೆ ಹೋದ ಮೇಲೆ ನಮಗೆ ಸಿಕ್ಕಿದ್ದು ಪುನರ್ವಸತಿ ಕಾಲನಿಯಲ್ಲಿ ಒಂದು ಸೈಟು. ಗಂಡ ಕಾರವಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಅವರು ಬೆಳಿಗ್ಗೆ ಬಸ್ಸು ಹತ್ತಿದರೆ ಮನೆಯಲ್ಲಿ ಉಳಿಯುವವರು ಅತ್ತೆ ಮತ್ತು ನಾನು. ನಲವತ್ತು ವರ್ಷ ಕೆಸರಲ್ಲಿ ನಿಂತು ನಾಟಿ ಮಾಡಿದ ಅತ್ತೆಗೆ ಸಿಮೆಂಟಿನ ಅಂಗಳದಲ್ಲಿ ಏನು ಮಾಡುವುದೆಂದು ತಿಳಿಯುತ್ತಿರಲಿಲ್ಲ. ಹಿತ್ತಿಲಲ್ಲಿ ಶೆಡ್ಡು ಹಾಕಿಸಿ ಮೊಟ್ಟೆಕೋಳಿ ಸಾಕೋಣ ಎಂದವರು ಅವರೇ. ಮುನ್ನೂರು ಕೋಳಿ ತಂದೆವು.

ಕೋಳಿಯ ಆಹಾರವನ್ನು ಮನೆಯಲ್ಲೇ ಮಾಡುತ್ತಿದ್ದೆವು. ಮುಕ್ಕಾಲು ಪಾಲು ಗೋವಿನಜೋಳ, ಅಂದರೆ ಮೆಕ್ಕೆಜೋಳ, ಅದಕ್ಕೆ ಶೇಂಗಾ ಹಿಂಡಿ, ತೌಡು, ಕಾಳಿ ನದಿಯ ಚಿಪ್ಪಿನ ಪುಡಿ. ಹಾವೇರಿ ಕಡೆಯ ಲಾರಿ ಡ್ರೈವರನೊಬ್ಬ ತಿಂಗಳಿಗೊಮ್ಮೆ ಘಟ್ಟ ಇಳಿದು ಜೋಳದ ಚೀಲ ಹಾಕಿಹೋಗುತ್ತಿದ್ದ. ಮೊಟ್ಟೆಯೆಲ್ಲ ಅಂಕೋಲೆಯ ಒಂದು ಬೇಕರಿಗೆ ಹೋಗುತ್ತಿತ್ತು. ಎರಡು ವರ್ಷ ಹಾಗೆಯೇ ಸುಖವಾಗಿ ನಡೆಯಿತು.

ಎರಡು ಸಾವಿರದ ಎಂಟರಲ್ಲಿ ಜೋಳದ ದರ ಲಾರಿ ಬಂದಾಗಲೆಲ್ಲ ಏರತೊಡಗಿತು. ಅತ್ತೆ ಡ್ರೈವರನನ್ನೇ ತರಾಟೆಗೆ ತೆಗೆದುಕೊಂಡರು.

“ಅಲ್ದಾ ತಮ್ಮಾ, ಹೋದ ಸಲ ಒಂದು ರೇಟು, ಈಗೊಂದು ರೇಟು. ನಾವು ಕೋಳಿಗೆ ಯಂತಾ ಹಾಕೂದು?”

“ನನ್ನ ಬೈದು ಏನ್ ಮಾಡ್ತೀರಿ ಯವ್ವಾ? ರಾಶಿ ಮಾಡೂದ್ರಾಗ ದಲ್ಲಾಳಿ ಕಣಕ್ಕ ಬಂದ್ ನಿಂತಿರ್ತಾನ. ಹಡಗಕ್ಕ ಹೋಗತೈತಂತ.” ಚೀಲ ಇಳಿಸುತ್ತ, “ನಮ್ಮಣ್ಣಗ ಈ ವರ್ಷ ಚಲೋ ರೇಟ್ ಸಿಕ್ಕೈತಿ. ಸುಳ್ಳ್ ಹೇಳಂಗಿಲ್ಲ” ಎಂದ. ಅತ್ತೆ ಚೀಲ ಎಣಿಸಿ ದುಡ್ಡು ಕೊಟ್ಟರು. ಬೆಳೆದವನಿಗೆ ಬೆಲೆ ಸಿಕ್ಕಿತೆಂದರೆ ಅವರಿಗೆ ಬೇಸರವಾಗುತ್ತಿರಲಿಲ್ಲ.

ಆ ದಿನಗಳಲ್ಲೇ ಸರಕುಹಡಗಿನಲ್ಲಿ ಕೆಲಸ ಮಾಡುವ ನನ್ನ ತಮ್ಮ ರಜೆಯ ಮೇಲೆ ಬಂದಿದ್ದ. ಅಮೆರಿಕದ ಬಂದರುಗಳಲ್ಲಿ ಜೋಳ ತುಂಬಿಸಿಕೊಂಡು ಬಂದವನು ಅವನು. ಊಟಕ್ಕೆ ಕೂತಾಗ ವಿಷಯ ಬಿಡಿಸಿ ಹೇಳಿದ.

“ಅಲ್ಲಿ ಜೋಳದಿಂದ ಸ್ಪಿರಿಟ್ಟು ತೆಗೆದು ಪೆಟ್ರೋಲಿಗೆ ಬೆರೆಸ್ತ್ರು. ಬೆರೆಸಿದವ್ರಿಗೆ ಸರ್ಕಾರವೇ ದುಡ್ಡು ಕೊಡ್ತದೆ. ಹಂಗಾಗಿ ಜೋಳ ಕಾರ್ಖಾನೆಗೆ ಹೋಗ್ತದೆ. ಮೊದ್ಲು ಅವ್ರ ಹತ್ರ ತಕಂಬವ್ರು ಈಗ ನಮ್ಮ ಬದಿಗೆ ಬತ್ರು, ಅತ್ತೆ. ದರ ಏರೂಕೆ ಅದೂ ಒಂದು ಕಾರಣ.”

ಅತ್ತೆ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದುಕೊಂಡು ಕೇಳಿದರು. “ತಿಂಬೂ ಕಾಳನ್ನ ಸುಡೂಕೆ ಸರ್ಕಾರ ದುಡ್ಡು ಕೊಡ್ತದ್ಯಾ?”

“ಹೌದು.”

“ಅಲ್ಲೂ ಕೋಳಿ ಸಾಕುವವ್ರು ಇರೂದಿಲ್ವಾ?”

ನಾವು ನೋಡಿರದ ದೇಶದಲ್ಲಿ ಯಾರೋ ತೆಗೆದುಕೊಂಡ ತೀರ್ಮಾನ ನಮ್ಮ ಹಿತ್ತಿಲಿಗೆ ಬಂದು ಮುಟ್ಟುತ್ತದೆಂದು ನನಗೆ ಅಂದೇ ಗೊತ್ತಾದದ್ದು.

ಜೋಳ ಅರ್ಧಕ್ಕೆ ಇಳಿಸುವ ಉಪಾಯವನ್ನು ಅತ್ತೆಯೇ ಹುಡುಕಿದರು. ಕಡಲತೀರದ ಹಾರವಾಡದಲ್ಲಿ ಮಳೆಹನಿ ಬಿದ್ದು ಮಾರಾಟವಾಗದೆ ಉಳಿದ ಒಣಮೀನು ಅಗ್ಗಕ್ಕೆ ಸಿಕ್ಕಿತು. ಅದನ್ನು ಕುಟ್ಟಿ ತೌಡಿಗೆ ಬೆರೆಸಿದೆವು. ಕೋಳಿಗಳು ಮುಗಿಬಿದ್ದು ತಿಂದವು, ಮೊಟ್ಟೆಯೂ ಕಡಿಮೆಯಾಗಲಿಲ್ಲ. ಅತ್ತೆ ವಾರವಿಡೀ ಹಾಡು ಗುನುಗುತ್ತ ಓಡಾಡಿದರು.

ಎರಡನೆಯ ವಾರ ಬೇಕರಿಯವರು ಫೋನು ಮಾಡಿ ಬರಹೇಳಿದರು. ಇಬ್ಬರೂ ಹೋದೆವು. ಅವರು ಸಿಟ್ಟು ಮಾಡಲಿಲ್ಲ. ತಟ್ಟೆಯಲ್ಲಿ ಒಂದು ತುಂಡು ಕೇಕು ಇಟ್ಟು, “ತಿಂದು ನೋಡಿ ಬಾಯೀ” ಎಂದರು. ಯಾರದೋ ಮಗುವಿನ ಹುಟ್ಟುಹಬ್ಬದಿಂದ ವಾಪಸು ಬಂದ ಕೇಕು. ನಾನು ಮೂಗಿನ ಹತ್ತಿರ ಹಿಡಿದು ಕೆಳಗಿಟ್ಟೆ. ಅತ್ತೆ ಮಾತ್ರ ಪೂರ್ತಿ ತುಂಡನ್ನು ನಿಧಾನವಾಗಿ ತಿಂದು ಮುಗಿಸಿದರು.

“ತಾರ್ಲೆ,” ಎಂದರು. “ಬಂಗಡೆ ಅಲ್ಲ, ತಾರ್ಲೆ ಮೀನಿಂದೇ ವಾಸನೆ.”

ಬೇಕರಿಯವರಿಗೆ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ. ಅತ್ತೆ ನಗಲಿಲ್ಲ. “ತಪ್ಪು ನಮ್ದು. ಆ ಮಗುವಿಗೆ ಬೇರೆ ಕೇಕು ಮಾಡಿಕೊಡಿ, ಅದ್ರ ದುಡ್ಡು ನಾ ಕೊಡ್ತೆ” ಎಂದು ಸೆರಗಿನ ಗಂಟು ಬಿಚ್ಚಿದರು. ಬೇಕರಿಯವರು ಬೇಡವೆಂದರೂ ಕೊಟ್ಟೇ ಬಂದರು.

ಬಸ್ಸಿನಲ್ಲಿ ನನಗೆ ಹೇಳಿದರು, “ಕೋಳಿ ಕೊಟ್ಟುಬಿಡೂದೇ ಹೌದು. ಜೋಳ ಹಾಕಿದ್ರೆ ನಮ್ಗೆ ಗಿಟ್ಟೂದಿಲ್ಲ, ಮೀನು ಹಾಕಿದ್ರೆ ತಿಂಬವ್ರಿಗೆ ಗಿಟ್ಟೂದಿಲ್ಲ.”

ಮೂವತ್ತು ಕೋಳಿ ಇಟ್ಟುಕೊಂಡು ಉಳಿದವನ್ನೆಲ್ಲ ಮಾಂಸದ ವ್ಯಾಪಾರಿಗೆ ಕೊಟ್ಟೆವು. ಅವನ ಆಳುಗಳು ಒಂದೊಂದು ಕೈಯಲ್ಲಿ ನಾಲ್ಕೈದರಂತೆ ಕಾಲು ಹಿಡಿದು ಬುಟ್ಟಿಗೆ ತುಂಬುವಾಗ ಅತ್ತೆ ಒಳಗೆ ಹೋಗಿ ಅಕ್ಕಿ ಆರಿಸುತ್ತ ಕೂತರು. ಮರುದಿನ ಬೆಳಿಗ್ಗೆ ಹಿತ್ತಿಲು ಎಷ್ಟು ನಿಶ್ಶಬ್ದವಾಗಿತ್ತೆಂದರೆ ದೂರದ ಹೆದ್ದಾರಿಯ ಲಾರಿಗಳ ಸದ್ದೂ ಅಡುಗೆಮನೆಗೆ ಕೇಳಿಸುತ್ತಿತ್ತು. ಅತ್ತೆ ಆ ದಿನ ಎರಡು ಸಲ ಬಹುಪಾಲು ಖಾಲಿಯಾದ ಶೆಡ್ಡಿಗೆ ಹೋಗಿ ನೀರಿನ ಬಟ್ಟಲು ನೋಡಿ ಬಂದರು.

ಮಳೆಗಾಲ ಕಳೆದ ಮೇಲೆ ಅದೇ ಡ್ರೈವರ ಬಂದ. ಸರ್ಕಾರ ಕೆಲ ತಿಂಗಳು ರಫ್ತು ನಿಲ್ಲಿಸಿತ್ತಂತೆ, ದರ ಇಳಿದಿತ್ತು. “ಮತ್ತ ಕೋಳಿ ಹಾಕ್ರಿ ಯವ್ವಾ, ಕಡಿಮಿಗೆ ಜೋಳ ಕೊಡತೇನಿ” ಎಂದ. ಅವನ ಅಣ್ಣ ಇನ್ನೂ ಹೆಚ್ಚು ಬೆಲೆ ಬರಲೆಂದು ಕೂಡಿಟ್ಟ ಚೀಲಗಳು ಮನೆಯಲ್ಲೇ ಉಳಿದಿದ್ದವು.

ಅತ್ತೆ ಅವನಿಗೆ ಚಹಾ ಕೊಟ್ಟರು. “ಬೇಡ ತಮ್ಮಾ. ಬರೂ ವರ್ಷ ಆ ಅಮೆರಿಕದವ್ರು ಮತ್ತೆ ಯಂತಾ ಹೇಳ್ತ್ರೋ! ನಂಗೆ ಅದ್ನ ಕಾಯ್ತಾ ಕೂರೂಕೆ ಆಗೂದಿಲ್ಲ.” ಆದರೂ ಅವನು ಬರಿಗೈಯಲ್ಲಿ ಘಟ್ಟ ಹತ್ತಬಾರದೆಂದು ಎರಡು ಚೀಲ ಇಳಿಸಿಕೊಂಡರು.

ಶೆಡ್ಡಿನ ಅರ್ಧಕ್ಕೆ ಗೋಡೆ ಕಟ್ಟಿಸಿ ನಾನು ಹೊಲಿಗೆ ಯಂತ್ರ ಇಟ್ಟೆ. ಇನ್ನರ್ಧಕ್ಕೆ ಅತ್ತೆ, ಹಿತ್ತಿಲ ಮಣ್ಣು ಕೆದಕಿ ಹುಳ ತಿನ್ನುವ ಆ ಮೂವತ್ತು ಕೋಳಿಗಳನ್ನು ಸಂಜೆ ಅಟ್ಟುತ್ತಿದ್ದರು.