ಹೂ ಕೇಳುವ ಮೊದಲೇ ಆಡಿದ ಮಾತು

ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಚೊಚ್ಚಲ ಮಗು ಹುಟ್ಟಿ ತಿಂಗಳಾಗಿರಲಿಲ್ಲ, ನನ್ನ ಎಡ ಮೊಲೆ ಬಾತು ಕಲ್ಲಾಯಿತು, ಜ್ವರವೂ ಏರಿತು. ತವರಿನಲ್ಲಿ ಯಾರೂ ಉಳಿದಿರದ ಕಾರಣ ನನ್ನ ಬಾಣಂತನ ಅತ್ತೆಯ ಮನೆಯಲ್ಲೇ ನಡೆದಿತ್ತು.

ನಮ್ಮೂರು ರಾವಂದೂರಿಗೆ ಹತ್ತಿರ, ಆಸ್ಪತ್ರೆ ಇದ್ದದ್ದು ಪಿರಿಯಾಪಟ್ಟಣದಲ್ಲಿ. ಆಗೆಲ್ಲ ಹೆಂಗಸರಿಗೆ ಕಾಯಿಲೆಯಾದರೆ ಆಸ್ಪತ್ರೆಗೆ ಹೋಗುತ್ತಿದ್ದದ್ದು ಹೆಂಗಸಲ್ಲ, ಸೀಸೆ. ಮನೆಯ ಗಂಡಸು ಖಾಲಿ ಸೀಸೆ ಒಯ್ದು, ಕಾಯಿಲೆ ಏನೆಂದು ತಾನೇ ಹೇಳಿ, ಔಷಧಿ ತುಂಬಿಸಿಕೊಂಡು ಬರುತ್ತಿದ್ದ. ನನ್ನ ಮಾವ ಪಂಚಾಯಿತಿ ಕಟ್ಟೆಯಲ್ಲಿ ಗುಡುಗುವ ಮನುಷ್ಯ. ಡಾಕ್ಟರ ಮುಂದೆ ಸೊಸೆಯ ಮೊಲೆ ಎನ್ನಲು ಬಾಯಿ ಬಾರದೆ, ಬರೀ ಜ್ವರ ಎಂದು ಹೇಳಿ ಬಂದರು. ನಮ್ಮ ಕಡೆ ಜ್ವರವೆಂದರೆ ಚಳಿಜ್ವರವೇ. ಅದರ ಕಹಿ ಔಷಧಿ ಬಂತು. ಸೀಸೆಗೆ ಅಂಟಿಸಿದ್ದ ಕಾಗದದ ಅಳತೆ ಗುರುತು ನೋಡಿಕೊಂಡು, ಹೊತ್ತಿಗಿಷ್ಟರಂತೆ ಅಷ್ಟನ್ನೂ ಕುಡಿದೆ. ಕಿವಿ ಗುಯ್‌ಗುಟ್ಟಿತೇ ಹೊರತು ಬಾವು ಇಳಿಯಲಿಲ್ಲ. ಮಗು ಹಾಲು ಸಾಲದೆ ಅರಚುತ್ತಿತ್ತು.

ಕೊನೆಗೆ ಗಾಡಿ ಕಟ್ಟಿ ಅತ್ತೆ, ಮಾವ ಇಬ್ಬರೂ ನನ್ನನ್ನು ಕರೆದೊಯ್ದರು; ಮಾವ ಆಸ್ಪತ್ರೆಯ ಜಗಲಿಯಲ್ಲೇ ಉಳಿದರು. ಆಸ್ಪತ್ರೆಯ ಗೋಡೆಯ ಮೇಲೆ ಮಹಾರಾಜರ ಪಟವಿತ್ತು. ನರ್ಸಮ್ಮ ನನ್ನ ಸೆರಗು ಸರಿಸಿದಾಗ ಆ ಪಟಕ್ಕೂ ನಾಚಿ ಕಣ್ಣು ಮುಚ್ಚಿಕೊಂಡೆ.

"ಕೀವು ಕಟ್ಟಿದೆ. ಇವತ್ತೇ ಕುಯ್ಯಬೇಕು. ತಡ ಮಾಡಿದರೆ ನಂಜು ಮೈಗೆಲ್ಲ ಏರುತ್ತೆ. ಏನು ಮಾಡ್ತೀರಿ?" ಎಂದು ಡಾಕ್ಟರು ಅತ್ತೆಯನ್ನು ಕೇಳಿದರು.

"ಈಗ್ಲೇ ಏನೂ ಏಳಕಾಗಾಕಿಲ್ಲ ಬುದ್ಧಿ," ಎಂದರು ಅತ್ತೆ. "ಅಮ್ಮನ್ ತಾವ ಹೂ ಕೇಳ್ಬೇಕು. ಬಲಕ್ಕೆ ಬಿದ್ರೆ ಕರ್ಕೊಂಡ್ ಬತ್ತೀವಿ."

ನಮ್ಮೂರಮ್ಮನ ಮೇಲಿನ ಹೂ ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಕೂಡದು. ಹೂ ಕೇಳುವುದು ಮಂಗಳವಾರ ಮಾತ್ರ. ಅಂದು ಬುಧವಾರ.

ಡಾಕ್ಟರು ನನ್ನ ಕಡೆ ತಿರುಗಿದರು. "ನೋವು ನಿನ್ನದು. ನೀನೇನಮ್ಮ ಹೇಳ್ತೀಯ?"

ಮದುವೆಯಾದಂದಿನಿಂದ ಮಾವ ಇದ್ದ ಕಡೆ ನಾನು ತುಟಿ ಬಿಚ್ಚಿದವಳಲ್ಲ. ಬಾಗಿಲಾಚೆ ಅವರ ಕೆಮ್ಮು ಕೇಳಿಸುತ್ತಿತ್ತು.

"ಕುಯ್ರಿ," ಅಂದೆ.

ಮೆಲ್ಲಗೆ ಅಂದೆನೆಂದುಕೊಂಡಿದ್ದೆ, ಜಗಲಿಯವರೆಗೂ ಕೇಳಿಸಿತಂತೆ. ಕೆಮ್ಮು ಗಕ್ಕನೆ ನಿಂತಿತು. ಕುಯ್ದ ನೋವು ಮರೆತುಹೋಗಿದೆ, ಆ ಕೆಮ್ಮು ನಿಂತದ್ದು ಮರೆತಿಲ್ಲ.

ಊರಿಗೆ ಬಂದರೆ ಬಾವಿಕಟ್ಟೆಯಲ್ಲಿ ನನ್ನದೇ ಮಾತು. "ಮಾವನ್ ಎದುರ್ಗೇ ಬಾಯಿ ಬುಟ್ಳಂತೆ ಕಣ್ಲೇ. ಹೂವ್ನೂ ಕಾಯ್ನಿಲ್ವಂತೆ." ಅವರನ್ನು ಬಯ್ಯುವ ಹಾಗೂ ಇರಲಿಲ್ಲ, ತಪ್ಪು ಮಾಡಿದೆನೆಂದು ನನಗೂ ಅನ್ನಿಸಿತ್ತು. ಮಾವ ಒಳಗೆ ಬಂದರೆ ಮೂಲೆ ಸೇರುತ್ತಿದ್ದೆ. ಅತ್ತೆ ದಿನಾ ಬೇವಿನ ನೀರಿನಲ್ಲಿ ಗಾಯ ತೊಳೆದು ಬಟ್ಟೆ ಕಟ್ಟುತ್ತಿದ್ದರು, ಮಾತು ಮಾತ್ರ ಇಲ್ಲ. ಬೈದಾದರೂ ಬಿಡಬಾರದೇ ಎನಿಸುತ್ತಿತ್ತು.

ಒಂದು ದಿನ ಅತ್ತೆ ಬಟ್ಟೆ ಕಟ್ಟಿದವರೇ ಎದ್ದು ಬಾಗಿಲ ಅಗುಳಿ ಹಾಕಿದರು. ನನ್ನೆದುರು ಕೂತು ತಮ್ಮ ಕುಪ್ಪಸದ ಗಂಟು ಬಿಚ್ಚಿದರು. ಒಂದು ಕಡೆ ಮೊಲೆಯೇ ಇರಲಿಲ್ಲ, ಸುಟ್ಟು ಸುಕ್ಕುಗಟ್ಟಿದ ಚರ್ಮವಿತ್ತು.

"ನಿನ್ ಗಂಡಂಗಿಂತ ಮುಂಚೆ ಒಂದು ಎಣ್ಣುಕೂಸು ಇತ್ತು ಕಣವ್ವ. ನಂಗೂ ಇಂಗೇ ಬಾವಾಗಿತ್ತು. ಹೂ ಎಡಕ್ಕೆ ಬಿತ್ತು. ಬರೆ ಆಕುದ್ರು. ಆಲು ಬತ್ತೋಯ್ತು, ಕೂಸೂ ಓಯ್ತು."

ನನಗೆ ತಲೆ ಎತ್ತಲಾಗಲಿಲ್ಲ. ಅವರನ್ನು ಕಲ್ಲೆದೆಯವರು ಎಂದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು, ಜೊತೆಗೇ ಕೋಪವೂ ಬಂತು.

"ಮತ್ತೆ ನಂಗೂ ಹೂ ಕೇಳ್ಬೇಕು ಅಂದ್ರಲ್ಲ ಅತ್ತೆ, ಯಾಕೆ?"

ಅವರು ಗಂಟು ಬಿಗಿದುಕೊಂಡು, ಅಳುತ್ತಿದ್ದ ಮಗುವನ್ನು ಎತ್ತಿ ನನ್ನ ಬಲಕ್ಕೆ ಹಾಕಿದರು.

"ಡಾಕ್ಟ್ರು ನನ್ ಮಕ ನೋಡಿ ಕೇಳುದ್ರಲ್ಲವ್ವ. ಉಟ್ಟುದಾಗ್ನಿಂದ ನನ್ನ ಯಾರೂ ಅಂಗೆ ಕೇಳಿರ್ನಿಲ್ಲ. ಏನ್ ಏಳ್ಬೇಕು ಅಂತ್ಲೇ ಗೊತ್ತಾಗ್ನಿಲ್ಲ."