ಹಾವಿನ ಪಾಲಿನ ಹಾಲು

ಹಾವು ಹಾಲು ಕುಡಿಯುತ್ತದೆ ಎಂಬ ಮಾತನ್ನು ನಾನು ಎಂದೂ ನಂಬಿದವಳಲ್ಲ. ಹಾನಗಲ್ಲಿನ ಕಡೆ ನಮ್ಮ ತವರುಮನೆಯ ಹಿಂದೆಯೇ ಭತ್ತದ ಗದ್ದೆ. ಅಲ್ಲಿ ಕೇರೆ ಹಾವು ಕಪ್ಪೆ ನುಂಗುವುದನ್ನೂ ಇಲಿ ನುಂಗುವುದನ್ನೂ ಕಣ್ಣಾರೆ ಕಂಡವಳು ನಾನು. ಪಂಚಮಿಯ ದಿನ ಎಲ್ಲರ ಜೊತೆ ಹುತ್ತಕ್ಕೆ ಹಾಲೆರೆಯುತ್ತಿದ್ದೆ, ಅದು ಬೇರೆ ಮಾತು. ದೇವರಿಗೆ ಹೋಳಿಗೆ ಎಡೆ ಹಿಡಿದರೆ ಆಮೇಲೆ ತಿನ್ನುವವರು ನಾವೇ ಅಲ್ಲವೇ? ಅಂಥವಳಿಗೆ, ಮದುವೆಯಾಗಿ ಬಂದ ಮನೆಯಲ್ಲಿ ಒಂದು ಕೇರೆ ಹಾವು ದಿನಾ ಒಂದು ಬಟ್ಟಲು ಹಾಲು ಖಾಲಿ ಮಾಡುತ್ತದೆ ಅಂದರೆ ಸಂಶಯ ಬಾರದೆ ಇರುತ್ತದೆಯೇ? ಮೊದಲೇ ನನ್ನದು ಸಂಶಯದ ಬುದ್ಧಿ. "ಈಕಿ ಬಾವಿ ನೀರನ್ನೂ ಮೂಸಿ ನೋಡಿ ಕುಡಿಯಾಕಿ" ಎಂದು ನಮ್ಮವ್ವ ಬಯ್ಯುತ್ತಿದ್ದಳು.

ಗಂಡನ ಮನೆ ಶಿಗ್ಗಾಂವಿ ತಾಲೂಕಿನಲ್ಲಿ, ಹುಲಗೂರಿನ ಹತ್ತಿರದ ಒಂದು ಹಳ್ಳಿ. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದು ಎರಡು ಮೂರು ವರ್ಷವಾಗಿತ್ತು. ಜೋಳ, ಶೇಂಗಾ ಬೆಳೆಯುವ ಮನೆತನ. ಆ ವರ್ಷ ಕಾಳಿನ ಕೋಣೆಗೆ ಇಲಿ ಬಿದ್ದು ಬಿತ್ತನೆಯ ಶೇಂಗಾ ಚೀಲಗಳನ್ನು ತೂತು ಮಾಡಿಬಿಟ್ಟವು. ಬೋನು ಇಟ್ಟರು, ಬೆಕ್ಕು ತಂದರು. ಬೆಕ್ಕು ಅಡಿಗೆಮನೆ ಬಿಟ್ಟು ಏಳಲಿಲ್ಲ. ಕೊನೆಗೆ ನಮ್ಮ ಮಾವನವರು, ಹೊಲದಲ್ಲಿ ಆಳುಮನುಷ್ಯ ಹಿಡಿದ ಆಳುದ್ದದ ಕೇರೆ ಹಾವನ್ನು ಗೋಣಿಚೀಲದಲ್ಲಿ ಹಾಕಿಸಿಕೊಂಡು ಮನೆಗೆ ಬಂದರು. ಸವಣೂರಿನ ಬಡಿಗೇರನಿಂದ ತಂತಿ ಜಾಳಿಗೆಯ ಪೆಟ್ಟಿಗೆ ಮಾಡಿಸಿ ಕಾಳಿನ ಕೋಣೆಯಲ್ಲಿ ಇಟ್ಟರು. "ಇದರ ವಾಸನಿಗೇ ಇಲಿ ಊರು ಬಿಡ್ತಾವ ನೋಡ್ರಿ" ಎಂದು ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಹೇಳಿದರು. ನಾಲ್ಕೇ ದಿನದಲ್ಲಿ ಅವರಿಗೆ ಅದರ ಮೇಲೆ ಎಂಥ ಮೋಹ ಹುಟ್ಟಿತೆಂದರೆ, ಬೆಳಿಗ್ಗೆ ಎದ್ದು "ಸಾಹೇಬ್ರು ಎದ್ದಾರೇನು?" ಎಂದು ಕೇಳುತ್ತಿದ್ದರು. ಸಾಹೇಬರೆಂದರೆ ಹಾವು.

ಸಾಹೇಬರ ಊಟದ ಪ್ರಶ್ನೆ ಬಂದಾಗ ನಮ್ಮ ಅತ್ತೆ ಸೊಂಟಕ್ಕೆ ಸೆರಗು ಬಿಗಿದು ನಿಂತರು. "ಲಿಂಗ ಕಟ್ಟಿಕೊಂಡವರ ಮನಿ ಇದು. ನನ್ನ ಹೊಸ್ತಿಲ ಒಳಗ ಒಂದು ಜೀವ ಸಾಯಬಾರ್ದು, ರಕ್ತ ಬೀಳಬಾರ್ದು. ತಿನ್ನಿಸೂದಿದ್ರ ಹೊರಗ ಒಯ್ದು ತಿನ್ನಸ್ರಿ." ಮಾವನವರಿಗೂ ಅದು ಸರಿ ಅನ್ನಿಸಿತು. ಹಾವನ್ನು ಮುಚ್ಚಳದ ಬುಟ್ಟಿಗೆ ಹಾಕಿಸಿ ಹಿತ್ತಲಿನ ಬಣವೆಯ ಹತ್ತಿರ ಒಯ್ದರು. ಬೋನಿನಲ್ಲಿ ಬಿದ್ದ ಇಲಿಯನ್ನು ಬುಟ್ಟಿಗೆ ಬಿಟ್ಟರು. ಊರ ಮಂದಿ ಸುತ್ತ ನೆರೆದು ಬಗ್ಗಿ ಬಗ್ಗಿ ನೋಡಿದರು. ಹಾವು ತಲೆಯನ್ನು ಸುರುಳಿಯೊಳಗೆ ಹುದುಗಿಸಿಕೊಂಡು ಮಲಗಿತು, ಇಲಿ ಅದರ ಬೆನ್ನ ಮೇಲೆ ಹತ್ತಿ ಹಾರಿ ಓಡಿತು. ಮೂರು ಸಲ ಹೀಗೇ ಆಯಿತು. ಮೂರನೆಯ ಸಲವಂತೂ ಹಾವೇ ಬಣವೆಯೊಳಗೆ ನುಗ್ಗಿ, ಆಳುಮನುಷ್ಯ ಬಾಲ ಹಿಡಿದು ಎಳೆಯುವಷ್ಟರಲ್ಲಿ ಬೆವರಿಳಿಸಿತು. ಮಂದಿ ನಕ್ಕರು. ಮಾವನವರಿಗೆ ಅವಮಾನವಾಯಿತು. "ಇದು ಜಾತಿವಂತ ಹಾವು, ಹೊಲಸು ಮುಟ್ಟೂದಿಲ್ಲ. ನಮ್ಮ ಮನಿಗೆ ಬಂದ ಮ್ಯಾಲೆ ನಮ್ಮ ಹಂಗ ಇರತೈತಿ. ನಾಳಿಂದ ಹಾಲು" ಎಂದು ಹುಕುಂ ಮಾಡಿದರು.

ಮರುದಿನದಿಂದ ಮಾವನವರು ಪೂಜೆ ಮುಗಿಸಿ, ತಮ್ಮ ಕೈಯಿಂದಲೇ ಒಂದು ಹಿತ್ತಾಳೆ ಬಟ್ಟಲಿಗೆ ಕಾಸಿದ ಹಾಲು ಹೊಯ್ದು ಒಲೆಯ ಪಕ್ಕ ಆರಲಿಕ್ಕೆ ಇಟ್ಟು ಹೊಲಕ್ಕೆ ಹೋಗುವರು. ಅತ್ತೆ ಅದನ್ನು ಕಾಳಿನ ಕೋಣೆಗೆ ಒಯ್ದು ಒಳಗಿನಿಂದ ಅಗಳಿ ಹಾಕಿಕೊಳ್ಳುವರು. ಸಂಜೆ ಮಾವನವರು ಬಂದು ನೋಡಿದರೆ ಬಟ್ಟಲು ಖಾಲಿ. "ನೋಡ್ರಿ, ಸಾಹೇಬ್ರು ಶರಣರು!" ಎಂದು ಅವರು ಹಿಗ್ಗಿದ್ದೇ ಹಿಗ್ಗಿದ್ದು.

ನಗುವ ವಿಷಯವೇ. ಆದರೆ ನನಗೆ ನಗು ಬರುತ್ತಿರಲಿಲ್ಲ. ಆಗ ನಾನು ನಾಲ್ಕು ತಿಂಗಳ ಬಸುರಿ, ಅದಕ್ಕಿಂತ ಮೊದಲು ಒಂದು ನಿಲ್ಲದೆ ಹೋಗಿತ್ತು. ಬಸುರಿಯ ನೆರಳು ಬಿದ್ದರೆ ಹಾವಿನ ಕಣ್ಣು ಹೋಗುತ್ತದೆ ಎನ್ನುವ ಊರದು. ಕಾಳಿನ ಕೋಣೆಯ ಹೊಸ್ತಿಲು ತುಳಿಯಬೇಡವೆಂದು ನನಗೆ ತಾಕೀತಾಗಿತ್ತು. ಹಾವು ಹಸಿದು ಸತ್ತರೆ ಯಾರ ಹೆಸರು ಬರುತ್ತದೆ? ನನ್ನದೇ. ಆಮೇಲೆ ಹೊಟ್ಟೆಯಲ್ಲಿದ್ದುದಕ್ಕೆ ಏನಾದರೂ ಆದರೆ ಸರ್ಪದೋಷದವಳೆಂದು ಹಾನಗಲ್ಲಿಗೆ ಕಳಿಸಿಬಿಟ್ಟರೆ ಕೇಳುವವರು ಯಾರು? ಹಿರೇಕೆರೂರಿನಲ್ಲಿ ಅತ್ತೆಯ ಅಣ್ಣನ ಮಗಳು ಇನ್ನೂ ಮದುವೆಯಾಗದೆ ಕೂತಿದ್ದಳು. ಮೊದಲು ನನ್ನ ಗಂಡನಿಗೆ ತರಬೇಕೆಂದಿದ್ದ ಹೆಣ್ಣು ಅವಳೇ. ಅತ್ತೆಯದು ಬಿರುಸು ಬಾಯಿ. ನನ್ನನ್ನು "ಅಕ್ಕಿ ಸೀಮಿಯಾಕಿ" ಎಂದೇ ಕರೆಯುವರು. ರೊಟ್ಟಿ ಹರಿದರೆ "ಅನ್ನ ಬಸಿಯೂ ಕೈಗೆ ರೊಟ್ಟಿ ಹೆಂಗ ಬರಬೇಕು" ಎನ್ನುವರು. ಇಷ್ಟು ಸಾಕಾಯಿತು ನನ್ನ ತಲೆಗೆ. ಹಾವಿನ ಹಾಲನ್ನು ಈಕೆಯೇ ಕುಡಿಯುತ್ತಾಳೆ, ಹಾವನ್ನು ಉಪವಾಸ ಕೆಡವಿ ಕೊಲ್ಲುತ್ತಾಳೆ, ನನ್ನ ತಲೆಗೆ ಕಟ್ಟುತ್ತಾಳೆ!

ಗಂಡನ ಮುಂದೆ ಹೇಳಿದೆ. ಅವರು ನಕ್ಕುಬಿಟ್ಟರು. "ಅವ್ವ ಹಾಲು ಕುಡಿಯೂದಾ? ಹುಟ್ಟಿದಾಗಿಂದ ಆಕಿಗೆ ಹಾಲು ಅಂದ್ರ ಓಕರಿಕಿ. ಮಜ್ಜಿಗಿ ಬಿಟ್ರ ಬ್ಯಾರೆ ಮುಟ್ಟೂದಿಲ್ಲ. ನಿನಗ ಕಾಮಾಲಿ ಆಗೇತಿ, ಎಲ್ಲಾ ಹಳದಿ ಕಾಣತೈತಿ." ನನಗೆ ಸಿಟ್ಟು ನೆತ್ತಿಗೇರಿತು. ತಾಯಿಯ ಪರ ವಹಿಸದ ಮಗ ಎಲ್ಲಿದ್ದಾನೆ?

ಇನ್ನೊಂದು ವಿಷಯವೂ ನನ್ನನ್ನು ಕೊರೆಯುತ್ತಿತ್ತು. ಗಂಡಸರೆಲ್ಲ ಹೊಲಕ್ಕೆ ಹೋದ ಮೇಲೆ, ಮಧ್ಯಾಹ್ನ, ಅತ್ತೆ ನನ್ನನ್ನು ದನ ಕಟ್ಟುವ ಹಕ್ಕೆಗೆ ಕರೆದು ಚರಿಗೆಯಲ್ಲಿ ಹಾಲು ಕೈಗೆ ಕೊಡುವರು. "ಎಮ್ಮಿ ಇವತ್ತ ಹೆಚ್ಚಿಗಿ ಹಿಂಡೇತಿ. ಕುಡಿ. ಯಾರ ಮುಂದೂ ಒದರಬ್ಯಾಡ." ಗಂಡಸರಿಗೂ ಮಠದ ಸ್ವಾಮಿಗಳಿಗೂ ಹೋಗಿ ಉಳಿದರೆ ಮಾತ್ರ ಹೆಂಗಸರಿಗೆ ಹಾಲು ಸಿಗುತ್ತಿದ್ದ ಮನೆಯದು. ಇದೇನು ಹೊಸ ಅಕ್ಕರೆ? ಇದರಲ್ಲಿ ಏನಾದರೂ ಬೇರು ತೇದು ಹಾಕಿದ್ದಾಳೋ ಎಂದು ಮೊದಲ ಎರಡು ದಿನ ತಿಪ್ಪೆಗೆ ಸುರಿದೆ. ಮೂರನೆಯ ದಿನ ಹಸಿವೆ ತಡೆಯಲಾಗದೆ ಕುಡಿದೆ. ಏನೂ ಆಗಲಿಲ್ಲ, ಆದರೂ ಸಂಶಯ ಹೋಗಲಿಲ್ಲ.

ಕೊನೆಗೆ ಒಂದು ಉಪಾಯ ಮಾಡಿದೆ. ಅತ್ತೆ ತಪಕೀರು ಏರಿಸಿ ಏರಿಸಿ ಮೂಗಿಗೆ ವಾಸನೆಯೇ ಇಲ್ಲದಂತೆ ಮಾಡಿಕೊಂಡವರು. ಮಾವನವರು ಬಟ್ಟಲಿಗೆ ಹಾಲು ಹೊಯ್ದು ಅತ್ತ ಹೋದ ಕೂಡಲೇ, ಕಡಲೆಕಾಳಿನಷ್ಟು ಇಂಗು ಕುಟ್ಟಿ ಅದರಲ್ಲಿ ಕದಡಿದೆ. ಹಾಲು ಯಾರ ಹೊಟ್ಟೆಗೆ ಹೋದರೂ ಸಂಜೆಯವರೆಗೆ ಬಾಯಿ ನಾರಬೇಕು. ಕಳ್ಳಿಯನ್ನು ಎಲ್ಲರೆದುರು ಹಿಡಿದುಕೊಡುತ್ತೇನೆಂದು ಒಳಗೊಳಗೇ ಕುಣಿದೆ. ಅತ್ತೆ ಬಂದು ಬಟ್ಟಲು ಎತ್ತಿಕೊಂಡು ಕೋಣೆಗೆ ಹೋದರು. ಅಗಳಿ ಬಿತ್ತು. ನಾನು ಒಲೆಯ ಮುಂದೆ ಕೂತು ಮಧ್ಯಾಹ್ನ ಆಗುವುದನ್ನೇ ಕಾದೆ.

ಮಧ್ಯಾಹ್ನ ಹಕ್ಕೆಯಿಂದ ಕರೆ ಬಂತು. ಹೋದೆ. ಆಕೆಯ ಬಾಯಿಯ ಹತ್ತಿರ ಮೂಗು ಒಯ್ಯುವುದು ಹೇಗೆಂದು ಯೋಚಿಸುತ್ತ, ಕೊಟ್ಟ ಚರಿಗೆಯನ್ನು ತುಟಿಗೆ ಹಚ್ಚಿ ಒಂದು ಗುಟುಕು ಎಳೆದೆ.

ಇಂಗು!

ಗಂಟಲಲ್ಲೇ ನಿಂತಿತು. ಕೆಮ್ಮಿ ಉಗುಳಿದೆ. ಅತ್ತೆ ಗಾಬರಿಯಾಗಿ, "ಯಾಕವಾ? ಹಾಲು ಒಡದಾವೇನು?" ಎನ್ನುತ್ತ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡರು. ಮುಖ ಕಿವುಚಿದರು. "ಇಂಗು ಯಾರು ಹಾಕ್ಯಾರ ಇದರಾಗ?"

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. "ನಾನ ಹಾಕೇನಿ. ಹಾವಿನ ಬಟ್ಟಲಕ್ಕ ಹಾಕೇನಿ. ಹಾವಿನ ಹಾಲು ಯಾರು ಕುಡಿತಾರ ನೋಡೂಣಂತ."

ಅತ್ತೆ ನನ್ನನ್ನು ನೋಡಿದರು. ಬಯ್ಯಲಿಲ್ಲ. "ನೋಡಿದ್ಯಲ್ಲಾ? ನೀನ ಕುಡಿತಿ" ಎಂದರು.

"ಹಂಗಾರ ಹಾವು?" ಎಂದೆ.

"ಬಾ ಇಲ್ಲೆ." ಕಾಳಿನ ಕೋಣೆಯವರೆಗೆ ಕರೆದುಕೊಂಡು ಹೋದರು. "ಹೊಸ್ತಿಲ ಹೊರಗ ನಿಂದ್ರು, ನೆರಳು ಒಳಗ ಬೀಳಬಾರ್ದು." ಶೇಂಗಾ ಚೀಲದ ಹಿಂದಿನಿಂದ ಬೋನು ತೆಗೆದರು. ಒಳಗೆ ಒಂದು ಇಲಿ ಓಡಾಡುತ್ತಿತ್ತು. ಆಮೇಲೆ ಆಕೆ ಮಾಡಿದ್ದನ್ನು ಮರೆಯುವುದು ನನ್ನಿಂದ ಆಗಿಲ್ಲ. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಎದೆಯಿಂದ ಬೆನ್ನಿಗೆ ಸರಿಸಿಕೊಂಡು, ಅದು ಈ ಕಡೆ ನೋಡದಂತೆ ಮೇಲೆ ಸೆರಗು ಹೊದ್ದರು. "ಶಿವನ, ನೀ ಕಂಡಿಲ್ಲಪಾ" ಎಂದರು. ಬೋನಿನ ಬಾಯನ್ನು ಪೆಟ್ಟಿಗೆಯ ಕಿಂಡಿಗೆ ಹಚ್ಚಿ ಎರಡರ ಬಾಗಿಲನ್ನೂ ಮೇಲೆತ್ತಿದರು. ಹಿತ್ತಲಲ್ಲಿ ತಲೆ ಎತ್ತದಿದ್ದ ಹಾವು ಕಣ್ಣು ಮುಚ್ಚಿ ತೆರೆಯುವುದರೊಳಗೆ ಇಲಿಯನ್ನು ಹಿಡಿದಿತ್ತು. ಅತ್ತೆ ಗೋಡೆಯ ಕಡೆ ಮುಖ ಮಾಡಿ ನಿಂತರು.

"ಎಂಟು ದಿನಕ್ಕೊಂದು ಸಾಕು ಅದಕ್ಕ" ಎಂದರು ಗೋಡೆಗೇ. "ಹೊರಗ ಹತ್ತು ಮಂದಿ ಬಾಯಿ ನೋಡಿದ್ರ ಯಾವ ಜೀವ ಉಣ್ತೈತಿ? ನೀ ಹೊಸದಾಗಿ ಬಂದಾಗ ಪಂಕ್ತ್ಯಾಗ ಕುಂತು ಉಂಡಿದ್ಯಾ? ಒಳಗ, ಅದರ ಜಾಗಾದಾಗ ಬಿಟ್ರ ತಿಂತೈತಿ. ನಿಮ್ಮ ಮಾವಗ ಹೇಳಿದ್ರ ಹಾವನ್ನೂ ಹೊರಗ ಹಾಕ್ತಾನ, ನನ್ನನ್ನೂ. ಇದು ಸತ್ರ ಊರ ಮಂದಿ ನಿನ್ನ ಹೆಸರು ಹೇಳ್ತಾರ. ಪಾಪ ನನಗಿರ್ಲಿ. ಹಾಲು ಹೆಂಗೂ ಉಳಿತಾವ, ಹೊಟ್ಟ್ಯಾಗಿನ ಕೂಸಿಗೆ ಆಗ್ಲಿ ಅಂದೆ."

ಆಕೆ ಈ ಕಡೆ ತಿರುಗಿದರು. "ನಾ ಏನು ಮಾಡಾಕತ್ತೇನಿ ಅಂತ ತಿಳದಿದ್ದಿ? ಹಿರೇಕೆರೂರ ಹುಡುಗೀನ ತರ್ತಾಳ ಅಂತ ತಿಳದಿದ್ದ್ಯಾ?"

ನಾನು ಅಳತೊಡಗಿದೆ. ಇಲ್ಲ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಆಕೆಗೆ ಅಷ್ಟೇ ಸಾಕಾಯಿತು. ಕರಡಿಗೆಯನ್ನು ಎದೆಗೆ ಸರಿಸಿಕೊಂಡು, ಸೊಂಟದಿಂದ ತಪಕೀರಿನ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿ, ಅಡಿಗೆಮನೆಗೆ ನಡೆದರು.

ಮರುದಿನ ಮಧ್ಯಾಹ್ನ ಕರೆಯುವುದಿಲ್ಲ ಎಂದುಕೊಂಡಿದ್ದೆ. ಕರೆದರು. ಚರಿಗೆಯನ್ನು ನನ್ನ ಕೈಗೆ ಕೊಡುವ ಮೊದಲು, ಎಂಜಲಾಗದಂತೆ ತಮ್ಮ ಅಂಗೈಗೆ ಒಂದು ಗುಟುಕು ಹಾಲು ಸುರಿದುಕೊಂಡು, ನನ್ನ ಕಣ್ಣೆದುರಿಗೇ ಕುಡಿದರು. ಓಕರಿಕೆ ಬಂತು. ಸೆರಗಿನಿಂದ ಬಾಯಿ ಒತ್ತಿ ಹಿಡಿದು ನುಂಗಿದರು. "ಏನೂ ಇಲ್ಲ ಇದರಾಗ. ಈಗ ಕುಡಿ" ಎಂದರು.

"ಅತ್ತೀ, ನಿಮ್ಮ ಕಾಲು ಹಿಡಿತೇನ್ರಿ, ಹಂಗ ಮಾಡಬ್ಯಾಡ್ರಿ" ಎಂದೆ. ನಿಜವಾಗಿಯೂ ಕಾಲು ಹಿಡಿದೆ. ಅವರು ಕಾಲು ಬಿಡಿಸಿಕೊಳ್ಳದೆ ಚರಿಗೆ ಹಿಡಿದುಕೊಂಡೇ ನಿಂತರು. ಕುಡಿದೆ.

ಏಳನೆಯ ತಿಂಗಳಲ್ಲಿ ನನಗೆ ಸೀಮಂತದ ಕುಬಸ ಮಾಡಿದರು. ಹಾಲು ಕುಡಿಯುವ ಹಾವಿನ ಪುಣ್ಯದಿಂದಲೇ ಸೊಸೆಯ ಬಸಿರು ನಿಂತಿತು ಎಂದು ಮಾವನವರು ಬೀಗರೆದುರು ಹೇಳಿದರು, ಎಲ್ಲರೂ ಹೌದೆಂದರು. ಮರುದಿನ ನಮ್ಮಪ್ಪ ನನ್ನನ್ನು ಹೆರಿಗೆಗೆ ಕರೆದುಕೊಂಡು ಹೋಗಲು ಚಕ್ಕಡಿ ಹೂಡಿಸಿದ. ಬುತ್ತಿ ಕಟ್ಟುವುದು, ಉಡಿ ತುಂಬುವುದು ಎಲ್ಲ ಮುಗಿದ ಮೇಲೆ ಅತ್ತೆ ನನ್ನನ್ನು ಹಕ್ಕೆಗೆ ಕರೆದರು. ದಿನಾ ತಪ್ಪದ ಆ ಗುಟುಕನ್ನು ಇವತ್ತಾದರೂ ಬಿಡುತ್ತಾರೆ ಎಂದುಕೊಂಡೆ. ಅಂಗೈಗೆ ಹಾಲು ಸುರಿದುಕೊಂಡರು, ನನ್ನನ್ನೇ ನೋಡುತ್ತ ನುಂಗಿದರು, ಓಕರಿಕೆ ಇಳಿಯುವವರೆಗೆ ದನಕ್ಕೆ ಮೇವು ಹಾಕುವ ಗ್ವಾದಲಿ ಹಿಡಿದು ನಿಂತರು. ಆಮೇಲೆ ಚರಿಗೆ ಕೊಟ್ಟರು.