ಬೆರಳಲ್ಲಿ ಹಾಡಿಸಿದ ಅಮ್ಮಮ್ಮ

ನಾವು ಇಸಳೂರಿನಲ್ಲಿ ಬಾಡಿಗೆಗಿದ್ದಾಗ ಪಕ್ಕದ ಮನೆಯಲ್ಲಿ ಒಬ್ಬ ಅಮ್ಮಮ್ಮ ಇದ್ದರು. ನಾನು ಎಲ್ಲಿಂದಲೋ ಹಳೆಯ ಗ್ರಾಮಫೋನು ಹೊತ್ತು ತಂದಾಗಲೆಲ್ಲ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಲ್ಲುತ್ತಿದ್ದರು. ನಾನು ಭೂತಗನ್ನಡಿ ಹಿಡಿದು, ಇದು ಬೀಟೆ ಮರ, ಇದು ಅಸಲಿ ಹಿತ್ತಾಳೆ ಕಹಳೆ ಎಂದು ಉಪನ್ಯಾಸ ಕೊಡುತ್ತಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಸರಿ ತಮಾ, ಅದು ಹಾಡ್ತಾ?" ಎನ್ನುತ್ತಿದ್ದರು. ಸವೆದೀತೆಂಬ ಹೆದರಿಕೆಗೆ ನಾನು ಯಾವುದನ್ನೂ ಹಾಡಿಸುತ್ತಲೇ ಇರಲಿಲ್ಲ.

ಒಮ್ಮೆ ಶಿರಸಿಯ ಗೆಳೆಯರನ್ನು ಕರೆದು ನನ್ನ ಸಂಗ್ರಹದ ಪ್ರದರ್ಶನ ಇಟ್ಟೆ. ಅದಕ್ಕೆಂದೇ ಹೊಸ ಜುಬ್ಬಾ ಬೇರೆ. ಭಾಷಣ ಮುಗಿಸಿ ರೆಕಾರ್ಡು ಇಟ್ಟು ಕೀಲಿ ಕೊಟ್ಟೆ. ಒಳಗೆ ಸ್ಪ್ರಿಂಗು ಟಕ್ಕೆಂದು ತುಂಡಾಯಿತು. ಗೆಳೆಯರು ನೆಲ ನೋಡಿದರು. ನಾನು ಭೂತಗನ್ನಡಿ ಹಿಡಿದು ಏನನ್ನೋ ಪರೀಕ್ಷಿಸುವ ನಾಟಕವಾಡಿದೆ.

"ಅಡ್ಡಿಲ್ಲೆ, ಆನು ತಿರುಗಿಸ್ತೆ" ಎಂದು ಬಾಗಿಲಲ್ಲಿ ನಿಂತಿದ್ದ ಅಮ್ಮಮ್ಮ ಮುಂದೆ ಬಂದು, ರೆಕಾರ್ಡಿನ ಮೇಲೆ ಬೆರಳಿಟ್ಟು, ಹಿಟ್ಟು ರುಬ್ಬುವ ಹದದಲ್ಲಿ ತಿರುಗಿಸತೊಡಗಿದರು. ಕಹಳೆಯಿಂದ ಹೆಂಗಸೊಬ್ಬಳ ದನಿ ಎದ್ದಿತು. ತುಸು ಓಲಾಡುತ್ತಿತ್ತು, ಆದರೂ ಹಾಡೇ. ನನ್ನ ಮನೆಯಲ್ಲಿ ಗ್ರಾಮಫೋನು ಹಾಡಿದ್ದು ಅದೇ ಮೊದಲು.

"ಕೈ ಸೋತ್ತು ತಮಾ, ಇನ್ನು ನೀ ತಿರುಗ್ಸು" ಎಂದರು. ನಾನು ಗತ್ತಿನಿಂದ ಬೆರಳಿಟ್ಟೆ. ಆ ಕ್ಷಣವೇ ಗಾಯಕಿಗೆ ಗಂಡು ದನಿ ಬಂತು, ಮರುಕ್ಷಣ ಮೇಕೆಯ ದನಿ. ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಾಚಿ ಕೈ ತೆಗೆಯಹೋದರೆ ಅಮ್ಮಮ್ಮ ಬಿಡಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ, "ನಿಲ್ಸಡ, ಪಾಪ, ಅವಳ ಹಾಡು ಮುಗೀಲಿ" ಎಂದರು.

ಮುಗಿಯುವವರೆಗೂ ತಿರುಗಿಸಿದೆ.